ಟವರಿನಿಂದ ಕೊನೆಯ ಮನೆ: 6ಜಿ ನಿಯಮ ಬರೆಯುತ್ತಿರುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಲ್ಲಿ, ಅಂದರೆ ಐಟಿಯುವಿನಲ್ಲಿ ಕೂತು, ಮುಂದಿನ ತಲೆಮಾರಿನ ಮೊಬೈಲ್ ನೆಟ್‌ವರ್ಕ್ ಆದ 6ಜಿ ಹೇಗಿರಬೇಕು ಎಂದು ತೀರ್ಮಾನಿಸುತ್ತಿರುವವರಿಗೆ ಈ ಪತ್ರ. ಅದನ್ನು ತಾಂತ್ರಿಕ ನಿಯಮವಾಗಿ ಸಾಲು ಸಾಲು ಬರೆಯುವ 3ಜಿಪಿಪಿಯ ಎಂಜಿನಿಯರುಗಳಿಗೂ ಹೌದು. ಮುಂದೆ ಆ ನಿಯಮ ಹಿಡಿದುಕೊಂಡು ತರಂಗಾಂತರ ಹಂಚುವ ಎಲ್ಲ ದೇಶಗಳ ಅಧಿಕಾರಿಗಳೂ ಓದಿದರೆ ಒಳ್ಳೆಯದು.

ನನ್ನ ಕೆಲಸ ಸಿಗ್ನಲ್ ಅಳೆಯುವುದು. ಡ್ರೈವ್ ಟೆಸ್ಟ್ ಎನ್ನುತ್ತೇವೆ. ಕಾರಿನಲ್ಲಿ ನಾಲ್ಕೈದು ಫೋನು, ಒಂದು ಲ್ಯಾಪ್‌ಟಾಪ್, ಒಂದು ಜಿಪಿಎಸ್ ಇಟ್ಟುಕೊಂಡು ದಿನಗಟ್ಟಲೆ ರಸ್ತೆ ಸುತ್ತುತ್ತೇವೆ. ಸಿಗ್ನಲ್ ಚೆನ್ನಾಗಿರುವ ಕಡೆ ನಕ್ಷೆಯಲ್ಲಿ ಹಸಿರು ಚುಕ್ಕಿ ಬೀಳುತ್ತದೆ. ಇಲ್ಲದ ಕಡೆ ಕೆಂಪು. ಇಷ್ಟು ಊರಿಗೆ ನೆಟ್‌ವರ್ಕ್ ತಲುಪಿದೆ ಎಂದು ನೀವು ಓದುವ ಲೆಕ್ಕಗಳ ಹಿಂದೆ ಇಂಥ ಚುಕ್ಕಿಗಳೂ ಇರುತ್ತವೆ. ಅಂಥ ಒಂದು ಹಸಿರು ಚುಕ್ಕಿಯ ಕಥೆ ಹೇಳುತ್ತೇನೆ. ಯಾಕೆ ಎನ್ನುವುದು ಆಮೇಲೆ ಗೊತ್ತಾಗುತ್ತದೆ.

ಒಮ್ಮೆ ಊರಾಚೆ ಇದ್ದ ಒಂದು ಮನೆಯ ಮುಂದೆ ಕಾರು ನಿಲ್ಲಿಸಿದ್ದೆ. ಅಲ್ಲಿಂದ ಟವರಿಗೆ ಸುಮಾರು ಐದು ಕಿಲೋಮೀಟರ್. ಕಾಲೇಜು ಸೇರಲು ಹೊರಟಿದ್ದ ಒಬ್ಬ ಹುಡುಗಿ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಅಂಗಳದಲ್ಲಿ ಆ ಮೂಲೆಯಿಂದ ಈ ಮೂಲೆಗೆ ಓಡಾಡುತ್ತಿದ್ದಳು. ಅರ್ಜಿಯ ಜೊತೆ ಅಂಕಪಟ್ಟಿಯ ಫೋಟೋ ಸೇರಿಸಬೇಕಿತ್ತು. ಅವತ್ತೇ ಕೊನೆಯ ದಿನ. ‘ಅಣ್ಣಾ, ಎರಡು ಕಡ್ಡಿ ಇದೆ. ಪೇಜೆಲ್ಲಾ ಓಪನ್ ಆಗ್ತಿದೆ. ಫೋಟೋ ಮಾತ್ರ ಹೋಗ್ತಿಲ್ಲ’ ಎಂದಳು.

ಫೋನ್ ಇಸಕೊಂಡು ನೋಡಿದೆ. ಪರದೆಯ ಮೇಲೆ ಗೋಲ ಸುತ್ತುತ್ತಿತ್ತು. ಅರ್ಧಕ್ಕೆ ಬಂದು ನಿಲ್ಲುತ್ತಿತ್ತು, ಮತ್ತೆ ಸ್ವಲ್ಪ ಹೋಗುತ್ತಿತ್ತು. ಐದು ನಿಮಿಷ ಆದ ತಕ್ಷಣ ‘ನಿಮ್ಮ ಸಮಯ ಮುಗಿದಿದೆ’ ಎಂದು ಬಂತು. ಮತ್ತೆ ಮೊದಲಿನಿಂದ ಹೆಸರು, ವಿಳಾಸ, ಓಟಿಪಿ. ಅವಳು ಬೆಳಗ್ಗೆಯಿಂದ ಇದನ್ನೇ ಮಾಡುತ್ತಿದ್ದಳಂತೆ. ನನ್ನ ಉಪಕರಣದಲ್ಲಿ ಅಳೆದೆ. ಡೌನ್‌ಲೋಡ್ ಸೆಕೆಂಡಿಗೆ 3 ಮೆಗಾಬಿಟ್. ಪರವಾಗಿಲ್ಲ ಎನ್ನಬಹುದು. ಅಪ್‌ಲೋಡ್ ಬರೀ 40 ಕಿಲೋಬಿಟ್. ಆ ಫೋಟೋ 2 ಮೆಗಾಬೈಟ್ ಇತ್ತು. ಲೆಕ್ಕ ಹಾಕಿದರೆ ಹೋಗಲು ಏಳು ನಿಮಿಷದ ಹತ್ತಿರ ಬೇಕು. ವೆಬ್‌ಸೈಟ್ ಕೊಡುತ್ತಿದ್ದದ್ದು ಐದೇ ನಿಮಿಷ. ಮನೆಯ ಒಳಗೆ ಹೋಗಿಯೂ ನೋಡಿದೆ. ತಗಡಿನ ಚಾವಣಿ. ಒಳಗೆ ಒಂದು ಕಡ್ಡಿಯೂ ಇಲ್ಲ.

ಅವಳನ್ನೂ ಅವಳ ಅಮ್ಮನನ್ನೂ ಕಾರಿನಲ್ಲಿ ಕೂರಿಸಿಕೊಂಡು ಟವರಿನ ಕಡೆ ಮೂರು ಕಿಲೋಮೀಟರ್ ಹೋದೆ. ರಸ್ತೆ ಪಕ್ಕ ನಿಲ್ಲಿಸಿದೆ. ಅದೇ ಫೋನು, ಅದೇ ಸಿಮ್ಮು. ಫೋಟೋ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಅವಳಮ್ಮ ನಂಬಲಿಲ್ಲ, ಇನ್ನೊಮ್ಮೆ ನೋಡು ಎಂದು ಮಗಳಿಗೆ ಹೇಳಿದರು.

ಅವತ್ತಿನ ನನ್ನ ನಕ್ಷೆಯಲ್ಲಿ ಆ ಮನೆಯ ಮುಂದೆ ಇರುವುದು ಹಸಿರು ಚುಕ್ಕಿ. ನಾನು ತಪ್ಪು ಅಳೆದಿರಲಿಲ್ಲ. ನನಗೆ ಅಳೆಯಲು ಹೇಳಿದ್ದು ರಸ್ತೆಯ ಮೇಲೆ, ಟವರಿನಿಂದ ಫೋನಿಗೆ ಬರುವ ಸಿಗ್ನಲ್ಲನ್ನು. ಫೋನಿನಿಂದ ಟವರಿಗೆ ಏನು ಹೋಗುತ್ತದೆ, ಮನೆಯೊಳಗೆ ಏನಿದೆ ಎಂದು ಯಾರೂ ಕೇಳಿರಲಿಲ್ಲ.

ಇದು ಯಾಕೆ ಹೀಗಾಗುತ್ತದೆ ಎಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆದರೆ ಈ ಪತ್ರ ಬೇರೆಯವರೂ ಓದುತ್ತಾರಲ್ಲ, ಅವರಿಗಾಗಿ ಹೇಳುತ್ತೇನೆ. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಮಾತಾಡುತ್ತದೆ. ನಮ್ಮ ಕೈಯಲ್ಲಿರುವ ಸಾಮಾನ್ಯ ಫೋನು ಹೆಚ್ಚೆಂದರೆ 0.2 ವ್ಯಾಟ್‌ನಲ್ಲಿ ಉತ್ತರ ಕೊಡುತ್ತದೆ. ಅದಕ್ಕಿಂತ ಜಾಸ್ತಿ ಮಾಡಿದರೆ ಬ್ಯಾಟರಿ ಬೇಗ ಖಾಲಿ, ಫೋನು ಬಿಸಿ. ದೇಹಕ್ಕೆ ಇಷ್ಟೇ ತಾಗಬೇಕು ಎಂಬ ಮಿತಿಯೂ ಇದೆ. ಹಾಗಾಗಿ ದೂರ ಹೋದಂತೆ ಟವರಿನ ಮಾತು ಫೋನಿಗೆ ಕೇಳಿಸುತ್ತಾ ಇರುತ್ತದೆ, ಫೋನಿನ ಮಾತು ಟವರಿಗೆ ಕೇಳಿಸುವುದು ನಿಲ್ಲುತ್ತದೆ. ಕಡ್ಡಿ ತೋರಿಸುವುದು ಬರುವ ಸಿಗ್ನಲ್ಲನ್ನು ಮಾತ್ರ. ಅರ್ಜಿ ಹಾಕಲು, ದೂರು ಕೊಡಲು, ವೈದ್ಯರಿಗೆ ಗಾಯದ ಫೋಟೋ ಕಳಿಸಲು, ಮಾಡಿದ ವಸ್ತು ಮಾರಲು ಬೇಕಾಗುವುದು ಹೋಗುವ ಸಿಗ್ನಲ್. ಅಂಚಿನಲ್ಲಿರುವವರು ಬೇರೆಯವರ ವಿಡಿಯೋ ನೋಡಬಹುದು, ತಮ್ಮ ಒಂದು ಕಾಗದ ಕಳಿಸಲಾರರು. ಡಿಜಿಟಲ್ ಅಸಮಾನತೆ ಎಂದಾಗ ನನ್ನ ಕಣ್ಣ ಮುಂದೆ ಬರುವುದು ಇದೇ.

ಈಗ ನಿಮ್ಮ ಕಡತಗಳ ವಿಷಯಕ್ಕೆ ಬರುತ್ತೇನೆ.

2023ರ ನವೆಂಬರಿನಲ್ಲಿ ಐಟಿಯು 6ಜಿಯ ಚೌಕಟ್ಟನ್ನು ಒಪ್ಪಿತು. ಐಎಂಟಿ-2030 ಎಂದು ಅದರ ಹೆಸರು. ಅದರಲ್ಲಿ ಹೇಳಿರುವ ಆರು ಬಳಕೆಗಳಲ್ಲಿ ಎಲ್ಲೆಡೆ ಸಂಪರ್ಕ ಎನ್ನುವುದೂ ಒಂದು. ಇಡೀ ವಿನ್ಯಾಸದ ತಳಹದಿಯ ಆಶಯಗಳಲ್ಲಿ, ಸಂಪರ್ಕ ಇಲ್ಲದವರನ್ನು ಸೇರಿಸಿಕೊಳ್ಳಬೇಕು ಎನ್ನುವುದೂ ಇದೆ. ಅದನ್ನು ಓದಿದ ದಿನ ನನಗೆ ನಿಜವಾಗಿಯೂ ಖುಷಿಯಾಯಿತು. ಆದರೆ ಅದೇ ಕಡತದಲ್ಲಿ ಗರಿಷ್ಠ ವೇಗಕ್ಕೆ ಸೆಕೆಂಡಿಗೆ 50, 100, 200 ಗಿಗಾಬಿಟ್ ಎಂದು ಅಂಕಿ ಇದೆ. ಕವರೇಜ್, ಅಂದರೆ ಸಿಗ್ನಲ್ ಎಷ್ಟು ದೂರ ತಲುಪುತ್ತದೆ ಎನ್ನುವುದೂ ಒಂದು ಸಾಮರ್ಥ್ಯ ಎಂದು ಪಟ್ಟಿಯಲ್ಲಿದೆ, ಅದರ ಮುಂದೆ ಅಂಕಿ ಇಲ್ಲ. ಅಂಕಿ ಇಲ್ಲದ ಆಶಯ ಏನಾಗುತ್ತದೆ ಎಂದು 5ಜಿಯಲ್ಲಿ ನೋಡಿದ್ದೇವೆ, ಅಲ್ವಾ?

5ಜಿಯಲ್ಲಿ ಸಾಮಾನ್ಯ ಬಳಕೆದಾರನಿಗೆ ಸಿಗಬೇಕಾದ ವೇಗ ಎಂದು ನೀವು ಇಟ್ಟ ಗುರಿ ಡೌನ್‌ಲೋಡಿಗೆ 100 ಮೆಗಾಬಿಟ್, ಅಪ್‌ಲೋಡಿಗೆ 50. ಆ ಗುರಿಯನ್ನು ನಿಗದಿ ಮಾಡಿದ್ದು ದಟ್ಟ ನಗರದ ಪರಿಸರಕ್ಕೆ ಮಾತ್ರ. ಹಳ್ಳಿಗಾಡಿಗೆ ಬೇರೆ ಪರೀಕ್ಷೆ ಇತ್ತು, ನಿಜ. ಅದರ ಎರಡು ಮಾದರಿಗಳಲ್ಲಿ ಟವರಿನಿಂದ ಟವರಿಗೆ ದೂರ 1,732 ಮೀಟರ್. ಅಂದರೆ ಅಂಚಿನ ಮನೆ ಟವರಿನಿಂದ ಒಂದು ಕಿಲೋಮೀಟರ್ ಒಳಗೆ. ನಾನು ಇಷ್ಟು ವರ್ಷ ಸುತ್ತಿದ ಹಳ್ಳಿಗಾಡಿನ ರಸ್ತೆಗಳಲ್ಲಿ ಅಷ್ಟು ಹತ್ತಿರ ಹತ್ತಿರ ಟವರ್ ನೋಡಿದ್ದು ಬಲು ಕಡಿಮೆ.

ಮೂರನೆಯ ಮಾದರಿಯೂ ಒಂದಿತ್ತು. ಅದು ಸುಮ್ನೆ ಬರಲಿಲ್ಲ. ಭಾರತದ ದೂರಸಂಪರ್ಕ ಮಾನದಂಡ ಸಂಸ್ಥೆಯವರು ಪಟ್ಟು ಹಿಡಿದರು. ನಮ್ಮ ಹಳ್ಳಿಗಳಲ್ಲಿ ಟವರುಗಳು ದೂರ ದೂರ ಇರುತ್ತವೆ, ಜನ ಹೆಚ್ಚು ವೇಗದಲ್ಲಿ ಓಡಾಡುವುದಿಲ್ಲ, ಅದಕ್ಕೆ ತಕ್ಕ ಪರೀಕ್ಷೆ ಬೇಕು ಎಂದು ವಾದಿಸಿದರು. ಹಾಗಾಗಿ ಟವರುಗಳ ನಡುವೆ 6 ಕಿಲೋಮೀಟರ್ ಇರುವ ಒಂದು ಮಾದರಿ ಸೇರಿತು, ಅದನ್ನು ಪಾಸಾಗುವುದು ಕಡ್ಡಾಯವೂ ಆಯಿತು. ಆ ಮಾದರಿಯಲ್ಲಿ ಮೂರು ಟವರುಗಳ ನಡುವೆ ಸಿಕ್ಕಿಕೊಂಡ ಅಂಚಿನ ಮನೆ ಟವರಿನಿಂದ ಸುಮಾರು ಮೂರೂವರೆ ಕಿಲೋಮೀಟರ್. ಒಂದು ದೇಶ ಗಟ್ಟಿಯಾಗಿ ಕೇಳಿದ್ದಕ್ಕೆ ಇಷ್ಟು ಬದಲಾಯಿತು. ಕೇಳದೆ ಹೋಗಿದ್ದರೆ 1,732 ಮೀಟರೇ ಹಳ್ಳಿಯ ಅಳತೆಯಾಗಿ ಉಳಿಯುತ್ತಿತ್ತು.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. 5ಜಿಯ ಮೊದಲ ನಿಯಮಾವಳಿ, ರಿಲೀಸ್ 15, ಮುಗಿದದ್ದು 2018ರಲ್ಲಿ. ದುರ್ಬಲ ಅಪ್‌ಲೋಡನ್ನು ಗಟ್ಟಿ ಮಾಡುವ ಕವರೇಜ್ ಸುಧಾರಣೆಗಳು ಬಂದದ್ದು ರಿಲೀಸ್ 17ರಲ್ಲಿ. ಕಡಿಮೆ ಆಂಟೆನಾ, ಕಡಿಮೆ ಬ್ಯಾಂಡ್‌ವಿಡ್ತ್ (ಒಮ್ಮೆಗೆ ಬಳಸುವ ತರಂಗಾಂತರದ ಅಗಲ) ಸಾಕು ಎನ್ನುವ ಸರಳ ಸಾಧನಗಳ ವರ್ಗ, ರೆಡ್‌ಕ್ಯಾಪ್, ಬಂದದ್ದೂ ಅದರಲ್ಲೇ. ಉಪಗ್ರಹದ ಜೊತೆ ನೇರ ಸಂಪರ್ಕದ ನಿಯಮ ಬಂದದ್ದೂ ಅದರಲ್ಲೇ. ರಿಲೀಸ್ 17 ಮುಗಿದದ್ದು 2022ರಲ್ಲಿ. ಅಂದರೆ ದೂರದಲ್ಲಿರುವವರಿಗೆ, ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ಉಪಯೋಗಕ್ಕೆ ಬರುವ ಮೂರೂ ವಿಷಯ ನಾಲ್ಕು ವರ್ಷ ತಡ. ಅಷ್ಟರೊಳಗೆ ಕೋಟಿಗಟ್ಟಲೆ ಫೋನು ಮಾರಾಟವಾಗಿತ್ತು. ಆ ಫೋನುಗಳಿಗೆ ಈ ಸುಧಾರಣೆ ಹತ್ತುವುದಿಲ್ಲ. ಹೊಸ ಫೋನಿನಲ್ಲೂ ಐಚ್ಛಿಕ ಎಂದು ಬರೆದದ್ದನ್ನು ತಯಾರಕರು ಹಾಕಲೇಬೇಕೆಂದಿಲ್ಲ. ರೆಡ್‌ಕ್ಯಾಪ್ ಅಂತೂ ಕೈಗಡಿಯಾರ, ಸೆನ್ಸರ್, ಕ್ಯಾಮೆರಾಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಅಗ್ಗದ ಫೋನು ಯಾರ ಮನಸ್ಸಿನಲ್ಲೂ ಇರಲಿಲ್ಲ.

ಮೊದಲ ದಿನ ಬರೆಯದೇ ಇದ್ದದ್ದು ಆಮೇಲೆ ಬಂದರೂ ಜನರ ಕೈಗೆ ಬರುವುದಿಲ್ಲ. ನಾನು ಈ ಪತ್ರ ಬರೆಯಲು ಕಾರಣ ಇದೊಂದೇ.

ಅಂತರ ಎಷ್ಟಿದೆ ಎಂದು ನಿಮ್ಮದೇ ಸಂಸ್ಥೆ ಪ್ರತಿ ವರ್ಷ ಹೇಳುತ್ತದೆ. 2025ರಲ್ಲಿ ಇನ್ನೂ ಸುಮಾರು 220 ಕೋಟಿ ಜನ ಇಂಟರ್‌ನೆಟ್‌ನಿಂದ ಹೊರಗಿದ್ದರು. ಶ್ರೀಮಂತ ದೇಶಗಳಲ್ಲಿ ಶೇ 84 ಜನರಿಗೆ 5ಜಿ ತಲುಪಿತ್ತು, ಅತಿ ಬಡ ದೇಶಗಳಲ್ಲಿ ಶೇ 4. ಇದಕ್ಕೆ ತಾಂತ್ರಿಕ ಕಾರಣವೂ ಒಂದಿದೆ. ಮೊದಮೊದಲ 5ಜಿ ನೆಟ್‌ವರ್ಕ್‌ಗಳಲ್ಲಿ ಹೆಚ್ಚಿನವು 4ಜಿಯ ಬೆನ್ನ ಮೇಲೆ ನಿಂತವು. 4ಜಿ ಚೆನ್ನಾಗಿದ್ದ ಕಡೆಗೇ 5ಜಿ ಹೋಯಿತು. ಇದ್ದವರಿಗೆ ಇನ್ನಷ್ಟು ಸಿಕ್ಕಿತು.

ಆದರೆ ಹೊಸ ನೆಟ್‌ವರ್ಕ್ ಮನಸ್ಸು ಮಾಡಿದರೆ ಈ ಅಂತರವನ್ನು ಕಡಿಮೆ ಮಾಡಬಲ್ಲದು. ಇದನ್ನು ನಾನು ಪೂರ್ತಿ ನಂಬುತ್ತೇನೆ. ದೂರದ ಊರಿನಲ್ಲಿ ಟವರ್ ಯಾಕೆ ಹಾಕುವುದಿಲ್ಲ? ಅಲ್ಲಿ ಕರೆಂಟ್ ಇಲ್ಲ ಅಥವಾ ಇದ್ದೂ ಇಲ್ಲದ ಹಾಗೆ. ಡೀಸೆಲ್ ಜನರೇಟರ್ ಇಡಬೇಕು. ಡೀಸೆಲ್ ಹೊತ್ತುಕೊಂಡು ಹೋಗಬೇಕು, ಕಾಯಬೇಕು. ಬಳಸುವವರು ನಾಲ್ಕು ಜನ, ಖರ್ಚು ಮಾತ್ರ ನಗರದ ಟವರಿಗಿಂತ ಜಾಸ್ತಿ. ಈಗ ಒಂದು ಸಣ್ಣ ಸಂಗತಿ ನೋಡಿ. 4ಜಿ ಟವರು ರಾತ್ರಿ ಎರಡು ಗಂಟೆಗೆ ಒಬ್ಬರೂ ಬಳಸದೇ ಇದ್ದರೂ ಪ್ರತಿ ಮಿಲಿಸೆಕೆಂಡಿಗೂ ‘ನಾನಿಲ್ಲಿದ್ದೇನೆ’ ಎಂಬ ಗುರುತಿನ ಸಂಕೇತ ಕಳಿಸುತ್ತಲೇ ಇರಬೇಕು. ಅದಕ್ಕೆ ನಿದ್ದೆಯೇ ಇಲ್ಲ. 5ಜಿಯಲ್ಲಿ ಇದನ್ನು ಬದಲಾಯಿಸಿದಿರಿ. ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ ಕಳಿಸಿದರೆ ಸಾಕು, ನಡುವೆ ಟವರಿನ ಕೆಲವು ಭಾಗ ಮಲಗಬಹುದು. ತುಂಬಾ ಒಳ್ಳೆಯ ಕೆಲಸ. 6ಜಿಯಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ಯಿರಿ. ಯಾರೂ ಇಲ್ಲದಾಗ ಗಾಢವಾಗಿ ಮಲಗಿ, ಒಬ್ಬ ಕರೆ ಮಾಡಿದ ತಕ್ಷಣ ಏಳುವ ಟವರ್ ಮಾಡಿ. ಅಂಥ ಟವರಿಗೆ ನಾಲ್ಕು ಸೌರ ಫಲಕ, ಒಂದು ಬ್ಯಾಟರಿ ಸಾಕಾಗುವ ದಿನ ಬರಬಹುದು. ಡೀಸೆಲ್ ಹೋದರೆ ದೂರದ ಊರಿನ ಟವರಿನ ಲೆಕ್ಕಾಚಾರವೇ ಬೇರೆಯಾಗುತ್ತದೆ.

ಟವರ್ ಹಾಕಿದರೆ ಸಾಲದು, ಅದನ್ನು ಹೊರಜಗತ್ತಿಗೆ ಜೋಡಿಸಬೇಕು. ಅಲ್ಲಿಯವರೆಗೆ ಫೈಬರ್ ಎಳೆಯುವುದು ದುಬಾರಿ. ಒಂದು ಟವರು ಪಕ್ಕದ ಟವರಿಗೆ ಗಾಳಿಯಲ್ಲೇ ದಾರಿ ಕೊಡುವ ವ್ಯವಸ್ಥೆ 5ಜಿಯ ನಿಯಮದಲ್ಲಿ ಈಗಾಗಲೇ ಇದೆ. ಅದನ್ನು ಅಗ್ಗದ ಸಣ್ಣ ಟವರಿಗೂ ಹೊಂದುವ ಹಾಗೆ ಸರಳ ಮಾಡಿ.

ಉಪಗ್ರಹದ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ. ನನಗೂ ಅದರ ಮೇಲೆ ಭರವಸೆ ಇದೆ, ಆದರೆ ಅಳತೆ ಮೀರಿ ಇಲ್ಲ. ಹಳೆಯ ಕಾಲದ ಉಪಗ್ರಹಗಳು 35,786 ಕಿಲೋಮೀಟರ್ ಎತ್ತರದಲ್ಲಿದ್ದವು, ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡ್ ಹಿಡಿಯುತ್ತಿತ್ತು. ಈಗಿನವು 500 ಕಿಲೋಮೀಟರ್ ಆಸುಪಾಸಿನಲ್ಲಿ ಸುತ್ತುತ್ತವೆ, ಹಾಗಾಗಿ ಸಾಮಾನ್ಯ ಫೋನಿಗೂ ನೇರವಾಗಿ ಸಿಗುತ್ತವೆ. ಕಾಡಿನಲ್ಲಿ, ಸಮುದ್ರದಲ್ಲಿ, ಪ್ರವಾಹದಲ್ಲಿ ಟವರ್ ಬಿದ್ದಾಗ ಒಂದು ಸಂದೇಶ ಹೋದರೂ ಜೀವ ಉಳಿಯುತ್ತದೆ. ಆದರೆ ಉಪಗ್ರಹದ ಒಂದು ಕಿರಣ ಹತ್ತಾರು ಕಿಲೋಮೀಟರ್ ಅಗಲದ ಜಾಗವನ್ನು ಒಟ್ಟಿಗೆ ನೋಡಿಕೊಳ್ಳುತ್ತದೆ. ಅದರಲ್ಲಿ ಇರುವ ವೇಗವನ್ನು ಅಷ್ಟೂ ಜನ ಹಂಚಿಕೊಳ್ಳಬೇಕು. ತಗಡಿನ ಚಾವಣಿಯ ಒಳಗೆ ಅದು ಬರುವುದಿಲ್ಲ. ಫೋನಿನ 0.2 ವ್ಯಾಟ್ ಅಲ್ಲೂ ಅಷ್ಟೇ. ಉಪಗ್ರಹ ಬಂತು, ಇನ್ನು ಹಳ್ಳಿಗೆ ಟವರ್ ಬೇಡ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ನನ್ನ ಪ್ರಕಾರ ಅದರ ಒಳ್ಳೆಯ ಬಳಕೆ ಬೇರೆ. ಊರಿಗೊಂದು ಸಣ್ಣ ಟವರ್, ಅದರ ತಲೆಯ ಮೇಲೆ ಒಂದು ಡಿಶ್. ಡಿಶ್ ಉಪಗ್ರಹದ ಜೊತೆ ಮಾತಾಡಲಿ, ಟವರ್ ಮನೆಗಳ ಜೊತೆ ಮಾತಾಡಲಿ.

ತರಂಗಾಂತರದ ವಿಷಯ. ಯಾವ ತರಂಗಾಂತರ ಯಾವುದಕ್ಕೆ ಎಂದು ದೇಶಗಳು ತೀರ್ಮಾನಿಸುವ 2027ರ ವಿಶ್ವ ರೇಡಿಯೊ ಸಮ್ಮೇಳನದಲ್ಲಿ 7 ಗಿಗಾಹರ್ಟ್ಸ್ ಸುತ್ತಮುತ್ತಲಿನ ಬ್ಯಾಂಡ್‌ಗಳ, ಅಂದರೆ ತರಂಗಾಂತರದ ಪಟ್ಟಿಗಳ ಚರ್ಚೆ ಇದೆ. ಜನದಟ್ಟಣೆಯ ಕಡೆ ಅವು ಬೇಕು, ಒಪ್ಪುತ್ತೇನೆ. ಆದರೆ ದೂರ ಹೋಗುವುದು, ಗೋಡೆ ದಾಟುವುದು ಕಡಿಮೆ ಹರ್ಟ್ಸ್‌ನ ಬ್ಯಾಂಡ್‌ಗಳು. 700 ಮೆಗಾಹರ್ಟ್ಸ್‌ನ ಬದಲು 3.5 ಗಿಗಾಹರ್ಟ್ಸ್ ಬಳಸಿದರೆ, ಅದೇ ಬಗೆಯ ಆಂಟೆನಾದಲ್ಲಿ ಬಯಲಿನಲ್ಲೂ ಸಿಗುವ ಶಕ್ತಿ 25 ಪಟ್ಟು ಕಡಿಮೆ. ಹೆಚ್ಚು ಆಂಟೆನಾ ಇಟ್ಟು ಒಂದಿಷ್ಟು ಸರಿದೂಗಿಸಬಹುದು, ಪೂರ್ತಿ ಆಗುವುದಿಲ್ಲ. ಅಧಿಕಾರಿಗಳೇ, ಈ ಕಡಿಮೆ ಹರ್ಟ್ಸ್‌ನ ಬ್ಯಾಂಡ್ ಹಂಚುವಾಗ ಖಜಾನೆಗೆ ಎಷ್ಟು ಬಂತು ಎಂದು ಮಾತ್ರ ನೋಡಬೇಡಿ. ಜರ್ಮನಿ 2019ರ ಹರಾಜಿನಲ್ಲಿ, ಪ್ರತಿ ರಾಜ್ಯದ ಶೇ 98 ಮನೆಗಳಿಗೆ 2022ರ ಕೊನೆಗೆ 100 ಮೆಗಾಬಿಟ್ ಕೊಡಬೇಕು ಎಂದು ಷರತ್ತು ಹಾಕಿತ್ತು. ಮನೆ ಲೆಕ್ಕ ಹಿಡಿದ ಷರತ್ತು. ಅದಕ್ಕೆ ಮನೆಯ ಒಳಗೆ, ಅಪ್‌ಲೋಡ್ ಎಂಬ ಎರಡು ಮಾತು ಸೇರಿಸಿ.

ಸಿಗ್ನಲ್ ಒಂದೇ ಎಲ್ಲದಕ್ಕೂ ಪರಿಹಾರ ಎಂದು ನಾನು ಹೇಳುತ್ತಿಲ್ಲ. ಮೊಬೈಲ್ ಕಂಪನಿಗಳ ಒಕ್ಕೂಟವಾದ ಜಿಎಸ್‌ಎಂಎಯ ಲೆಕ್ಕ ನೋಡಿದರೆ, ಸಿಗ್ನಲ್ಲೇ ಇಲ್ಲದ ಕಡೆ ಇರುವವರಿಗಿಂತ ಸಿಗ್ನಲ್ ಇದ್ದೂ ಮೊಬೈಲ್ ಇಂಟರ್‌ನೆಟ್ ಬಳಸದವರು ಸುಮಾರು ಹತ್ತು ಪಟ್ಟು ಇದ್ದಾರೆ. ಆ ಲೆಕ್ಕದಲ್ಲಿ ನನ್ನ ಹಸಿರು ಚುಕ್ಕಿಯಂಥವು ಎಷ್ಟು ಸೇರಿಕೊಂಡಿವೆಯೋ ಎಂದು ಆಗಾಗ ಅನಿಸುತ್ತದೆ. ಅದು ಬಿಟ್ಟರೂ ಓದು ಬರಹ, ತಮ್ಮ ಭಾಷೆಯಲ್ಲಿ ಏನೂ ಸಿಗದಿರುವುದು, ಮನೆಗೆ ಒಂದೇ ಫೋನ್ ಇದ್ದಾಗ ಅದು ಹೆಣ್ಣುಮಕ್ಕಳ ಕೈಗೆ ಕೊನೆಗೆ ಸಿಗುವುದು, ಹೀಗೆ ಎಷ್ಟೋ ಇದೆ. ಇವನ್ನೆಲ್ಲ ರೇಡಿಯೊ ನಿಯಮ ಸರಿಮಾಡಲಾರದು. ಆದರೆ ಫೋನಿನ ಬೆಲೆ ದೊಡ್ಡ ಅಡ್ಡಿ, ಅದರಲ್ಲಿ ನಿಮ್ಮ ಪಾಲೂ ಇದೆ. ಫೋನಿನಲ್ಲಿ ಎಷ್ಟು ಆಂಟೆನಾ ಕಡ್ಡಾಯ, ಎಷ್ಟು ಅಗಲದ ಬ್ಯಾಂಡ್‌ವಿಡ್ತ್ ಕಡ್ಡಾಯ ಎಂದು ಬರೆಯುವವರು ನೀವು. ಪ್ರತಿ ಸಾಲಿಗೂ ಒಂದೊಂದು ಬಿಡಿಭಾಗ, ಒಂದೊಂದು ಬಿಡಿಭಾಗಕ್ಕೂ ಒಂದಿಷ್ಟು ದುಡ್ಡು.

ವೇಗ ಹೆಚ್ಚಾದಂತೆ ಇನ್ನೊಂದು ತೊಂದರೆ ಬರುತ್ತದೆ. ಆಪ್ ಮಾಡುವವರು ತಮ್ಮ ಮೇಜಿನ ಮೇಲಿನ ವೇಗ ನೋಡಿ ಆಪ್ ಮಾಡುತ್ತಾರೆ. ಪೇಜುಗಳು ಭಾರವಾಗುತ್ತವೆ. ನಿನ್ನೆ ಹೇಗೋ ತೆರೆಯುತ್ತಿದ್ದದ್ದು ಇವತ್ತು ತೆರೆಯುವುದಿಲ್ಲ. ನಿಧಾನ ನೆಟ್‌ವರ್ಕ್‌ನಲ್ಲಿರುವವರು ನಿಂತಲ್ಲೇ ನಿಂತಿದ್ದರೂ ಹಿಂದೆ ಬೀಳುತ್ತಾರೆ. ಹಳೆಯ ನೆಟ್‌ವರ್ಕ್ ಮುಚ್ಚಿದಾಗಲೂ ಅಷ್ಟೇ. 3ಜಿ ನಿಲ್ಲಿಸಿದ ಕಡೆಗಳಲ್ಲಿ ಹಳೆಯ ಫೋನ್ ಇದ್ದವರಿಗೆ ಒಂದು ಬೆಳಗ್ಗೆ ಕರೆಯೂ ಹೋಗದ ಹಾಗಾಯಿತು. 6ಜಿಗೆ ಜಾಗ ಮಾಡಲು ನಾಳೆ 4ಜಿ ಮುಚ್ಚುವ ಮಾತು ಬರುತ್ತದೆ. ಆಗ ಅಗ್ಗದ 6ಜಿ ಫೋನು ಅಂಗಡಿಯಲ್ಲಿ ಇರಲೇಬೇಕು.

ಹಾಗಾಗಿ ನನ್ನ ಬೇಡಿಕೆ ಇಷ್ಟು. 6ಜಿಯ ಕಡ್ಡಾಯ ಗುರಿಗಳಲ್ಲಿ ಕವರೇಜಿನ ಮುಂದೆ ಒಂದು ಅಂಕಿ ಬರೆಯಿರಿ. ಹಳ್ಳಿಗಾಡಿನ ಪರೀಕ್ಷೆಯಲ್ಲಿ ಟವರುಗಳ ನಡುವಿನ ದೂರ 10 ಕಿಲೋಮೀಟರ್ ಆಗಲಿ. ಅಳತೆ ಅಂಚಿನ ಮನೆಯ ಒಳಗೆ ಆಗಲಿ. ಇರುವುದರಲ್ಲೇ ಅತಿ ಸರಳವಾದ ಫೋನಿನಿಂದ ಆಗಲಿ. ಅಲ್ಲಿಂದ ಅಪ್‌ಲೋಡ್ ಸೆಕೆಂಡಿಗೆ 1 ಮೆಗಾಬಿಟ್ ಆದರೂ ಹೋಗಲಿ. ಅಷ್ಟಿದ್ದರೆ ಆ ಹುಡುಗಿಯ ಫೋಟೋ 16 ಸೆಕೆಂಡಿನಲ್ಲಿ ಹೋಗುತ್ತದೆ. ಈ ಅಂಕಿಗಳು ನನ್ನ ಅನುಭವದಿಂದ ಬಂದವು, ಬೇಕಿದ್ದರೆ ತಿದ್ದಿ. ಆದರೆ ಖಾಲಿ ಬಿಡಬೇಡಿ. ಅದನ್ನು ಸಾಧಿಸಲು ಬೇಕಾದ ಉಪಾಯಗಳು, ಸರಳ ಫೋನಿನ ವರ್ಗ, ಆಳವಾಗಿ ಮಲಗುವ ಟವರ್, ಇವು ಮೊದಲ ನಿಯಮಾವಳಿಯಲ್ಲೇ ಬರಲಿ. ಐಚ್ಛಿಕ ಎಂಬ ಪದ ಇವುಗಳ ಪಕ್ಕದಲ್ಲಿ ಬೇಡ.

ಮೊದಲ 6ಜಿ ನಿಯಮಗಳು 2028ರ ಕೊನೆ, 2029ರ ಹೊತ್ತಿಗೆ ಸಿದ್ಧವಾಗಬೇಕು ಎಂದು ನೀವೇ ವೇಳಾಪಟ್ಟಿ ಹಾಕಿಕೊಂಡಿದ್ದೀರಿ. ಇನ್ನೂ ಸಮಯ ಇದೆ. ಹೆಚ್ಚು ಇಲ್ಲ.

ಮನೆಯೊಳಗಿನ ಅಳತೆ ನಿಮ್ಮ ಬಳಿ ಇಲ್ಲದಿದ್ದರೆ ನಮ್ಮನ್ನು ಕೇಳಿ. ಜಗತ್ತಿನ ಎಲ್ಲ ಕಡೆ ನನ್ನಂತೆ ಈ ಕೆಲಸ ಮಾಡುವವರು ಇದ್ದಾರೆ. ಕಾರಿನಿಂದ ಇಳಿದು, ಬಾಗಿಲು ತಟ್ಟಿ, ಮನೆಯವರನ್ನು ಕೇಳಿ ಒಳಗೆ ಹೋಗಿ, ಫೋನಿನಿಂದ ಟವರಿಗೆ ಎಷ್ಟು ಹೋಗುತ್ತಿದೆ ಎಂದು ಬರೆದುಕೊಂಡು ಬರಲು ಒಂದು ಮನೆಗೆ ಐದು ನಿಮಿಷ ಸಾಕು.

ಇಂತಿ ನಮಸ್ಕಾರಗಳೊಂದಿಗೆ,
ರಸ್ತೆಯ ಮೇಲೆ ಸಿಗ್ನಲ್ ಅಳೆಯುವ ಒಬ್ಬ ಕೆಲಸಗಾರ